ಅಪ್ಪನ ಬಿಲ್ಲೆ, ನನ್ನ ಕಾರ್ಡು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 1991ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವಳು. ನಿಮ್ಮ ಸಾಧನೆಯ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಸಂಘಟಕರು ಹೇಳಿದರು. ನಾನು ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವಳು. ಬೆಳಗಿನ ಜಾವ ಎದ್ದು, ಬುತ್ತಿ ಕಟ್ಟಿಕೊಂಡು, ಬೆಂಗಳೂರಿನ ರೈಲು ಹತ್ತಿ, ರಾತ್ರಿ ಮನೆ ಸೇರುವುದನ್ನು ಸಾಧನೆ ಎನ್ನುವುದಾದರೆ ಇಲ್ಲಿ ಕುಳಿತ ಅರ್ಧದಷ್ಟು ಜನ ಸಾಧಕರೇ. ಆದ್ದರಿಂದ ನಾನು ಸಾಧನೆಯ ಮಾತು ಬಿಟ್ಟು, ಮೋಸ ಹೋದ ಕಥೆ ಹೇಳುತ್ತೇನೆ. ಅದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲು ಅಪ್ಪನ ವಿಷಯ. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಕೆಳಗೆ ಇಳಿಯುವವರಿಗೆಲ್ಲ ಒಂದೊಂದು ನಂಬರಿನ ಬಿಲ್ಲೆ ಇರುತ್ತಿತ್ತು. ಮನೆಗೆ ಬಂದರೆ ಅದನ್ನು ದೇವರ ಗೂಡಿನಲ್ಲಿ ಇಡುತ್ತಿದ್ದರು. ಒಮ್ಮೆ ನಾನು ಅದನ್ನು ಆಟಕ್ಕೆ ತೆಗೆದುಕೊಂಡಾಗ ಬೈದರು. "ಇದು ಬೇರೆಯವನ ಕೈಗೆ ಹೋದರೆ, ಕೆಳಗಿರುವುದು ನಾನೋ ಅವನೋ ಮೇಲಿನವರಿಗೆ ಹೇಗೆ ಗೊತ್ತಾಗಬೇಕಮ್ಮ?" ಎಂದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಬಿಲ್ಲೆಯ ಮಾತು ನನಗೆ ಮರೆತೇಹೋಗಿತ್ತು.

2022ರ ಒಂದು ಸೋಮವಾರ. ರೈಲು ಬಂಗಾರಪೇಟೆ ದಾಟಿತ್ತು. ಮೊಬೈಲಿಗೆ ಮೆಸೇಜು ಬಂತು. ನನ್ನ ಕ್ರೆಡಿಟ್ ಕಾರ್ಡಿನಿಂದ ವಿದೇಶದ ಯಾವುದೋ ಅಂಗಡಿಗೆ 42,500 ರೂಪಾಯಿ ಪಾವತಿಯಾಗಿದೆ ಎಂದಿತ್ತು. ನಾನು ಯಾರಿಗೂ ಒಟಿಪಿ ಹೇಳಿರಲಿಲ್ಲ. ಆಮೇಲೆ ತಿಳಿಯಿತು, ನಮ್ಮ ದೇಶದೊಳಗಿನ ಆನ್‌ಲೈನ್ ವ್ಯವಹಾರಕ್ಕೆ ಒಟಿಪಿಯಂಥ ಎರಡನೇ ಬೀಗ ಇದೆ, ವಿದೇಶಿ ಜಾಲತಾಣಗಳಲ್ಲಿ ಅದು ಬೇಕೆಂದೇನೂ ಇಲ್ಲ. ಮಗಳ ಪರೀಕ್ಷಾ ಶುಲ್ಕ ಕಟ್ಟಲು ಒಮ್ಮೆ ಕಾರ್ಡಿನಲ್ಲಿ ವಿದೇಶಿ ಪಾವತಿ ತೆರೆದಿದ್ದೆ. ಮತ್ತೆ ಮುಚ್ಚಲು ಮರೆತಿದ್ದೆ.

ಆ ಕ್ಷಣವೇ ಬ್ಯಾಂಕಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಯಾಕೆ ಗೊತ್ತೇ? ನಾಚಿಕೆ. ಲೆಕ್ಕ ಬರೆಯುವವಳೇ ಮೋಸ ಹೋದಳು ಎಂದು ಆಫೀಸಿನಲ್ಲಿ ನಗುತ್ತಾರೆ, ಮನೆಯಲ್ಲಿ ಯಜಮಾನರು ಬೈಯುತ್ತಾರೆ ಎಂಬ ಭಯ. ನಾಲ್ಕು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಶುಕ್ರವಾರ ಮಗಳಿಗೆ ಹೇಳಿದೆ. ಅವಳು ಬೈಯಲಿಲ್ಲ. "ಅಮ್ಮಾ, ಮೊದಲು ಕಾರ್ಡು ಬ್ಲಾಕ್ ಮಾಡು" ಎಂದಳು.

ದೂರು ಹೇಗೆ ಬರೆಯುವುದು? ನಮ್ಮ ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು. ಕನ್ನಡ ಬರೆಯಲು ಕಲಿತದ್ದು ಈ ಶಾಲೆಯಲ್ಲಿ. ಕನ್ನಡ ಮೇಷ್ಟ್ರು ಪತ್ರಲೇಖನವನ್ನು ನೂರು ಸಲ ಬರೆಸಿದ್ದರು: ಇಂದ, ಗೆ, ವಿಷಯ, ಮಾನ್ಯರೇ, ದಿನಾಂಕ, ಸಹಿ. ಅದೇ ಕ್ರಮದಲ್ಲಿ ಬರೆದೆ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹಣ, ನಾನು ಆಗ ಎಲ್ಲಿದ್ದೆ, ಎಲ್ಲವನ್ನೂ ಬರೆದೆ. ಮೆಸೇಜಿನ ಪ್ರತಿ ಲಗತ್ತಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಮೇಷ್ಟ್ರೇ, ನೀವು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದೀರಿ. ಐದು ಅಂಕದ ಆ ಪ್ರಶ್ನೆ ನನಗೆ 32,500 ರೂಪಾಯಿ ವಾಪಸು ತಂದುಕೊಟ್ಟಿತು.

ಪೂರ್ತಿ ಹಣ ಏಕೆ ಬರಲಿಲ್ಲ? ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಇದಕ್ಕೆ ಉತ್ತರ. ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂಬಂಥ ಮೋಸದಲ್ಲಿ, ಮೆಸೇಜು ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಮ್ಮ ನಷ್ಟ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗಾದರೆ, ನನ್ನಂಥ ಸಾಮಾನ್ಯ ಕಾರ್ಡಿಗೆ ಹತ್ತು ಸಾವಿರದವರೆಗೆ ನಾವೇ ಹೊರಬೇಕು. ನಾನು ತಿಳಿಸಿದ್ದು ನಾಲ್ಕನೇ ದಿನ. ನಾಚಿಕೆಗೆ ನಾನು ತೆತ್ತ ಬೆಲೆ ಹತ್ತು ಸಾವಿರ ರೂಪಾಯಿ. ಒಟಿಪಿಯನ್ನು ನಾವೇ ಹೇಳಿಬಿಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ನಮ್ಮದೇ. ಆದರೆ ದೂರು ಕೊಟ್ಟ ನಂತರ ಹೋದ ಹಣ ಬ್ಯಾಂಕಿನ ಹೊಣೆ. ಹೇಗೆ ನೋಡಿದರೂ ಬೇಗ ಹೇಳಿದವರಿಗೇ ಲಾಭ.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮೂರು ತಿಂಗಳ ನಂತರ ಮಗಳ ಇಂಜಿನಿಯರಿಂಗ್ ಸಾಲಕ್ಕೆ ಅರ್ಜಿ ಹಾಕಿದಾಗ ಮ್ಯಾನೇಜರು ನನ್ನ ಸಾಲದ ವರದಿ ತೋರಿಸಿದರು. ಯಾವುದೋ ಮೊಬೈಲ್ ಆ್ಯಪಿನಿಂದ ನನ್ನ ಪ್ಯಾನ್ ನಂಬರಿನಲ್ಲಿ ಹದಿನೈದು ಸಾವಿರ ಸಾಲ, ಒಂದು ಕಂತೂ ಕಟ್ಟಿಲ್ಲ. ನಾನು ಆ ಹೆಸರನ್ನೇ ಕೇಳಿರಲಿಲ್ಲ. ಸಾಲ ನಿಂತಿತು. ಅಮ್ಮ ಒಂದೂ ಮಾತಾಡದೆ ಕೈಯಿಂದ ಎರಡು ಬಳೆ ಬಿಚ್ಚಿ ಮೇಜಿನ ಮೇಲಿಟ್ಟರು. ಅಪ್ಪ ತಮ್ಮ ಗಣಿ ಸಂಬಳದಲ್ಲಿ ಮಾಡಿಸಿದ್ದ ಬಳೆಗಳು. ಅವನ್ನು ಅಡವಿಟ್ಟು ಮಗಳ ಫೀಸು ಕಟ್ಟಿದೆ.

ಆ ರಾತ್ರಿ ಬಿಲ್ಲೆಯ ಮಾತು ನೆನಪಾಯಿತು. ಸಿಮ್ಮಿಗೆ, ಗ್ಯಾಸಿಗೆ, ಬಾಡಿಗೆ ಕರಾರಿಗೆ, ಎಲ್ಲೆಂದರಲ್ಲಿ ಆಧಾರ್, ಪ್ಯಾನ್ ಜೆರಾಕ್ಸ್ ಕೊಟ್ಟಿದ್ದೆ. ಯಾವ ಪ್ರತಿ ಯಾರ ಕೈ ಸೇರಿತೋ! ಕೆಳಗೆ ಇಳಿದದ್ದು ಬೇರೆಯವನು, ಪುಸ್ತಕದಲ್ಲಿ ನಂಬರು ಮಾತ್ರ ನನ್ನದು.

ಸೈಬರ್ ದೂರು ಕೊಟ್ಟೆ. ಅದರ ಪ್ರತಿಯನ್ನು ಸಾಲ ಕೊಟ್ಟವರಿಗೂ, ಸಾಲದ ವರದಿ ಇಡುವ ಸಂಸ್ಥೆಗೂ ಕಳಿಸಿ ತಕರಾರು ಹೂಡಿದೆ. ಆರು ವಾರ ಹಿಡಿಯಿತು. ವರದಿ ಸರಿಯಾಯಿತು, ಸಾಲ ಸಿಕ್ಕಿತು, ಅಮ್ಮನ ಬಳೆ ಕೈಗೆ ಮರಳಿತು. ಇನ್ನೊಬ್ಬರ ಗುರುತನ್ನು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಮೂರು ವರ್ಷದವರೆಗೆ ಜೈಲು ಆಗುವ ಅಪರಾಧ. ಮೋಸ ಹೋದವರು ತಲೆ ತಗ್ಗಿಸಬೇಕಿಲ್ಲ.

ಹೆಬ್ಬೆಟ್ಟಿನ ಬಗ್ಗೆಯೂ ಹೇಳಬೇಕು. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು, ಆಧಾರ್ ಸಂಖ್ಯೆ ಕದ್ದು, ನಕಲಿ ಬೆರಳಚ್ಚು ತಯಾರಿಸಿ, ಜನರ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಬಯಲಾದವು. ಆಧಾರ್ ಮೂಲಕ ಹಣ ತೆಗೆಯುವಾಗ ಕಾರ್ಡೂ ಬೇಡ, ಒಟಿಪಿಯೂ ಬೇಡ. ಆದ್ದರಿಂದ ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ, ಬೇಕಾದಾಗ ತೆರೆಯಿರಿ. ಅದು ಬಾರದ ಹಿರಿಯರಿಗೆ ಈ ಶಾಲೆಯ ಮಕ್ಕಳು ಮಾಡಿಕೊಡಬೇಕು. ಜೆರಾಕ್ಸ್ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಕೊಡಿ, ಯಾವ ಕೆಲಸಕ್ಕೆ ಎಂದು ಅದರ ಮೇಲೆಯೇ ಬರೆಯಿರಿ. ವರ್ಷಕ್ಕೊಮ್ಮೆ ಸಾಲದ ವರದಿ ಉಚಿತವಾಗಿ ಸಿಗುತ್ತದೆ, ತೆಗೆಸಿ ನೋಡಿ. ಮಕ್ಕಳೇ, ಕಮಿಷನ್ ಕೊಡುತ್ತೇವೆಂದು ಯಾರಾದರೂ ನಿಮ್ಮ ಖಾತೆ ಕೇಳಿದರೆ ಕೊಡಬೇಡಿ. ಕದ್ದ ಹಣ ಆ ಖಾತೆಯಲ್ಲಿ ಓಡಾಡುತ್ತದೆ, ಪೊಲೀಸರು ನಿಮ್ಮ ಮನೆಗೆ ಬರುತ್ತಾರೆ.

ಮೋಸವಾದ ಕೂಡಲೇ ಕರೆಯಬೇಕಾದ ಸಂಖ್ಯೆ 1930. ಬೇಗ ಕರೆದರೆ, ಇನ್ನೂ ಕಳ್ಳರ ಕೈಗೆ ಸೇರದ ಹಣವನ್ನು ದಾರಿಯಲ್ಲೇ ತಡೆಹಿಡಿಯಲು ಆಗುತ್ತದೆ. ನಮ್ಮೂರಿನವರು ಈ ಸಂಖ್ಯೆ ಮರೆಯಬಾರದು. 1930ರಲ್ಲೇ ನಮ್ಮ ಗಣಿ ಕಾರ್ಮಿಕರು, ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಂಪನಿಯ ಪದ್ಧತಿಯ ವಿರುದ್ಧ ಮುಷ್ಕರ ಹೂಡಿದ್ದರು. ಹೆಬ್ಬೆಟ್ಟು ಕೊಡುವ ಮೊದಲು ಯಾಕೆ ಎಂದು ಕೇಳಿದ ಜನರ ಮೊಮ್ಮಕ್ಕಳು ನಾವು. ಇಂದು ಕೇಳುವವರಿಗೆಲ್ಲ ಒತ್ತಿಕೊಡುತ್ತಿದ್ದೇವೆ.

ಅಪ್ಪನ ಬಿಲ್ಲೆ ಈಗಲೂ ದೇವರ ಗೂಡಿನಲ್ಲಿದೆ. ನನ್ನ ಕಾರ್ಡನ್ನೂ ಅದರ ಪಕ್ಕದಲ್ಲೇ ಇಡುತ್ತೇನೆ.

ನಿಮ್ಮಲ್ಲಿ ಯಾರಿಗಾದರೂ ಇಂಥದ್ದು ಆಗಿ, ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ಮನಿದ್ದರೆ, ಊಟದ ಹೊತ್ತಿಗೆ ನನ್ನ ಹತ್ತಿರ ಬನ್ನಿ. ಇಬ್ಬರೂ ಕುಳಿತು ದೂರು ಬರೆಯೋಣ. ಇಂದ, ಗೆ, ವಿಷಯ... ಉಳಿದದ್ದನ್ನು ಮೇಷ್ಟ್ರು ತಿದ್ದಿಕೊಡುತ್ತಾರೆ.