ಚಾರ್ಲ್ಸ್‌ಟನ್ನಿನಲ್ಲಿ ಒಂದು ಊಟ
(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಅಮೆರಿಕದ ಬೇಸಾಯವೆಂದರೆ ನಮ್ಮ ಕಣ್ಣಿಗೆ ಬರುವುದು ಸಾವಿರಾರು ಎಕರೆ ಮುಸುಕಿನ ಜೋಳ, ಮನೆಯಷ್ಟು ದೊಡ್ಡ ಟ್ರ್ಯಾಕ್ಟರು. ನಾನು ಇಂದು ಹೇಳುವುದು ಒಂದು ಊಟದ ವಿಷಯ. ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ಚಾರ್ಲ್ಸ್‌ಟನ್ ಎಂಬ ಹಳೆಯ ಬಂದರು ಪಟ್ಟಣವಿದೆ. ಪ್ರವಾಸದ ನಡುವೆ ಅಲ್ಲೊಂದು ಹೋಟೆಲಿಗೆ ಹೋಗಿದ್ದೆ. ಬಾಗಿಲ ಬಳಿ ಕರಿಹಲಗೆ. ತಿಂಡಿಗಳ ಪಟ್ಟಿ ಇರಬಹುದೆಂದುಕೊಂಡೆ. ನೋಡಿದರೆ ರೈತರ ಹೆಸರುಗಳು! ಬೆಂಡೆ ಯಾರ ಹೊಲದ್ದು, ಮೊಟ್ಟೆ ಯಾರ ಕೋಳಿಯದು, ಅಕ್ಕಿ ಯಾರ ಗದ್ದೆಯದು ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರು. ಈ ಪಟ್ಟಣದಲ್ಲಿ ಇಂಥ ಅಡಿಗೆಗೆ ಹೆಸರು ತಂದದ್ದು 2010ರಲ್ಲಿ ತೆರೆದ ಹಸ್ಕ್ ಎಂಬ ಹೋಟೆಲು. ದಕ್ಷಿಣದಲ್ಲಿ ಬೆಳೆಯದ ಪದಾರ್ಥ ಒಳಗೆ ಬರಕೂಡದೆಂದು ಅದರ ಬಾಣಸಿಗ ಷಾನ್ ಬ್ರಾಕ್ ಆಗ ನಿಯಮ ಮಾಡಿದ್ದರು. ಆಲಿವ್ ಎಣ್ಣೆಗೂ ಪ್ರವೇಶವಿರಲಿಲ್ಲ.

ನನ್ನ ತಟ್ಟೆ ಬಂತು. ಅಲಸಂದೆ ಕಾಳು ಬೆರೆಸಿದ ಅನ್ನ (ಹಾಪಿನ್ ಜಾನ್ ಎನ್ನುತ್ತಾರೆ), ಹುರಿದ ಬೆಂಡೆ, ಬೇಯಿಸಿದ ಸೊಪ್ಪು, ಮುಸುಕಿನ ಜೋಳದ ರೊಟ್ಟಿ. ಸೊಪ್ಪಿಗೆ ಹಂದಿಮಾಂಸ ಹಾಕುವುದು ಅಲ್ಲಿಯ ವಾಡಿಕೆ. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಬೇಕು. ರೊಟ್ಟಿಯ ಮೇಲೆ ಕಪ್ಪು ಪಾಕ, ನಮ್ಮ ಜೋನಿ ಬೆಲ್ಲದಂತೆಯೇ. ಅದು ಜೋಳದ್ದಂತೆ! ಸಿಹಿ ದಂಟಿನ ಜೋಳವನ್ನು ಕಬ್ಬಿನಂತೆ ಗಾಣಕ್ಕೆ ಕೊಟ್ಟು, ರಸವನ್ನು ಕುದಿಸಿ ಮಾಡುತ್ತಾರೆ.

ಆ ಅನ್ನದ ಕತೆ ಕೇಳಿ. ತಳಿಯ ಹೆಸರು ಕೆರೊಲಿನಾ ಗೋಲ್ಡ್. ತೆನೆ ಮಾಗಿದಾಗ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಒಂದು ಕಾಲಕ್ಕೆ ಆ ಕರಾವಳಿಯ ಸಿರಿವಂತಿಕೆ ಭತ್ತದಿಂದ ಬಂದದ್ದು. ಆದರೆ ಪೈರು ಎತ್ತರ, ಗಾಳಿಗೆ ಮಲಗುತ್ತದೆ, ಇಳುವರಿಯೂ ಕಡಿಮೆ. 1865ರಲ್ಲಿ ಗುಲಾಮಗಿರಿ ಕೊನೆಗೊಂಡು ಪುಕ್ಕಟೆ ದುಡಿಮೆ ತಪ್ಪಿತು. ಚಂಡಮಾರುತಗಳು ಒಡ್ಡುಗಳನ್ನು ಕಿತ್ತವು. ಯಂತ್ರದಿಂದ ಬೆಳೆದ ಲೂಯಿಸಿಯಾನ, ಅರ್ಕನ್ಸಾಗಳ ಅಕ್ಕಿ ಅಗ್ಗವಾಯಿತು. 20ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಭತ್ತದ ಬೇಸಾಯ ನಿಂತೇಹೋಯಿತು.

1980ರ ದಶಕದಲ್ಲಿ ರಿಚರ್ಡ್ ಷುಲ್ಜ್ ಎಂಬ ಕಣ್ಣಿನ ವೈದ್ಯರು ತಮ್ಮ ಜಮೀನಿನ ಕೆರೆಗೆ ಕಾಡು ಬಾತುಗಳು ಬರಲೆಂದು ಈ ಭತ್ತ ಹಾಕಬಯಸಿದರು. ಬೀಜ ಸಿಕ್ಕಿದ್ದು ಸರ್ಕಾರದ ಕೃಷಿ ಇಲಾಖೆಯ ತಳಿ ಸಂಗ್ರಹದಲ್ಲಿ. ಬಾತುಗಳಿಗೆಂದು ತಂದದ್ದು ಮನುಷ್ಯರ ತಟ್ಟೆಗೆ ಬಂತು! 1998ರಲ್ಲಿ ಗ್ಲೆನ್ ರಾಬರ್ಟ್ಸ್ ಸ್ಥಾಪಿಸಿದ ಆನ್ಸನ್ ಮಿಲ್ಸ್ ಎಂಬ ಗಿರಣಿ ಇದನ್ನು ಬೆಳೆಸಿ ಹೋಟೆಲುಗಳಿಗೆ ಮಾರಿತು. ಮುಂದೆ ಇದರಿಂದಲೇ ಚಾರ್ಲ್ಸ್‌ಟನ್ ಗೋಲ್ಡ್ ಎಂಬ ಗಿಡ್ಡ ತಳಿ ಮಾಡಿದರು. ಆ ವಿಜ್ಞಾನಿಗಳಲ್ಲಿ ಪಂಜಾಬಿನಲ್ಲಿ ಹುಟ್ಟಿದ ಗುರುದೇವ್ ಖುಷ್ ಅವರೂ ಒಬ್ಬರು.

ನನ್ನ ಮನಸ್ಸು ಮಾತ್ರ ಕರಿಹಲಗೆಯಲ್ಲೇ ಇತ್ತು. ಬೆಂಡೆ, ಅಲಸಂದೆ ಎರಡೂ ಆ ನೆಲಕ್ಕೆ ಆಫ್ರಿಕದಿಂದ, ಗುಲಾಮರ ಹಡಗುಗಳ ಕಾಲದಲ್ಲಿ ಬಂದ ಬೆಳೆಗಳು. ಜೌಗಿನ ಮರ ಕಡಿದು ಒಡ್ಡು ಹಾಕಿ, ಹೊಳೆಯ ಉಬ್ಬರವಿಳಿತ ನೋಡಿ ತೂಬು ತೆಗೆದು ಗದ್ದೆಗೆ ನೀರು ಕಟ್ಟಿದವರು ಅಲ್ಲಿಂದ ಹಿಡಿದು ತಂದ ಜನ. ಪಶ್ಚಿಮ ಆಫ್ರಿಕದಲ್ಲಿ ತಲೆತಲಾಂತರದಿಂದ ಭತ್ತ ಬೆಳೆದವರೂ ಅವರಲ್ಲಿದ್ದರು. ಅವರ ಹೆಸರನ್ನು ಹೋಟೆಲಿನ ಹಲಗೆಯಲ್ಲಿ ಬರೆದವರಿಲ್ಲ; ಹರಾಜಿನ ಪಟ್ಟಿಗಳಲ್ಲಿ ಬೆಲೆ ಸಮೇತ ಬರೆದದ್ದುಂಟು.

ಹೆಸರು ಬರೆದರೆ ಹಣ ಬರುತ್ತದೆಯೇ ಎಂದು ನೀವು ಕೇಳಬಹುದು. ಹಳೆಯ ತಳಿಯ ಅಕ್ಕಿಗೆ ಅಲ್ಲಿ ಮಾಮೂಲು ಅಕ್ಕಿಗಿಂತ ಬಹಳ ಹೆಚ್ಚು ಬೆಲೆ, ನಿಜ. ಆದರೆ ಹೋಟೆಲು ಕೊಳ್ಳುವುದು ಬುಟ್ಟಿ ಲೆಕ್ಕದಲ್ಲಿ, ಗಾಡಿ ಲೆಕ್ಕದಲ್ಲಲ್ಲ. ಅದೊಂದನ್ನೇ ನಂಬಿ ಹತ್ತು ಎಕರೆ ಬೆಂಡೆ ಹಾಕುವ ಹಾಗಿಲ್ಲ. ನಾನು ಊಟ ಮುಗಿಸಿ ಹೊರಡುವಾಗ ಹುಡುಗನೊಬ್ಬ ಹಲಗೆಯ ಮೇಲಿನ ಬೆಂಡೆಯ ಸಾಲನ್ನು, ಬೆಳೆದವರ ಹೆಸರಿನ ಸಮೇತ, ಒರೆಸುತ್ತಿದ್ದ. ಏಕೆಂದು ಕೇಳಿದೆ. ಈ ಸಲದ ಕೊಯ್ಲು ಮುಗಿಯಿತು, ನಾಳೆ ಬೇರೆ ತರಕಾರಿ, ಎಂದ.