ಬೆಂಬಲ ಯಾರಿಗೆ? ಮೊದಲು ನಮ್ಮೊಳಗೇ ಮತ ಆಗಲಿ

ಒಂದು ಸಂಘಟನೆ ‘ಈ ಸಲ ನಮ್ಮ ಬೆಂಬಲ ಇವರಿಗೆ’ ಅಂದಾಗ, ಆ ‘ನಮ್ಮ’ ಅಂದ್ರೆ ಯಾರು?

2013ರ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರಿನ ಬಿ.ಪ್ಯಾಕ್ ಅನ್ನೋ ನಾಗರಿಕ ಸಂಘಟನೆ ಬೇರೆ ಬೇರೆ ಪಕ್ಷದ ಅಭ್ಯರ್ಥಿಗಳಿಗೆ ಬೆಂಬಲ ಘೋಷಿಸಿತ್ತು. ಪಕ್ಷ ಬಿಟ್ಟು ವ್ಯಕ್ತಿ ನೋಡೋದು ಒಳ್ಳೇದೇ. ಇನ್ನು ಗ್ರಾಮ ಪಂಚಾಯಿತಿ ಚುನಾವಣೆಯಲ್ಲಂತೂ ಪಕ್ಷದ ಚಿಹ್ನೆಯೇ ಇರಲ್ಲ. ಹಾಗಾಗಿ ಚಿಕ್ಕಜಾಲದ ಕಡೆ ಹಳ್ಳಿಗಳಲ್ಲಿ ಒಂದು ಯುವಕ ಸಂಘದ ಮಾತಿಗೂ ತೂಕ ಇರುತ್ತೆ. ಆ ಮಾತನ್ನ ನಾಲ್ಕೇ ಜನ ಕೂತು ತೀರ್ಮಾನ ಮಾಡಬಾರದು. 2020ರ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ್ದು ನೆನಪಿರಲಿ.

ನಿಯಮ ಮೊದಲು, ಹೆಸರು ಆಮೇಲೆ. ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆಗಳು: ನೀರು, ಕಸ, ಇ-ಸ್ವತ್ತು, ಗ್ರಾಮಸಭೆ. ಉತ್ತರ ಎಲ್ಲರ ಮುಂದೆ. ಅಭ್ಯರ್ಥಿಯ ನೆಂಟರು ಮತ ಹಾಕೋದು ಬೇಡ. ಕೈ ಎತ್ತೋದು, ಹೆಸರು ಕಾಣೋ ವಾಟ್ಸಾಪ್ ಪೋಲ್ ಕೂಡ ಬೇಡ. ಪಕ್ಕದಲ್ಲೇ ದೊಡ್ಡಪ್ಪ ಕೂತಿದ್ರೆ ಯಾರ ಕೈ ತಾನೇ ಮೇಲೇಳುತ್ತೆ? ಚೀಟಿ ಹಾಕಿ. ಅದರಲ್ಲಿ ‘ಯಾರಿಗೂ ಬೇಡ’ ಅನ್ನೋದೂ ಇರಲಿ. ಮೂರರಲ್ಲಿ ಎರಡು ಪಾಲು ಮತ ಯಾರಿಗೂ ಬರದಿದ್ರೆ ಸಂಘ ಸುಮ್ಮನಿರಲಿ.

ಸೋತ ಕಡೆಯವರೂ ‘ಎಣಿಕೆ ಸರಿಯಾಗೇ ಆಯ್ತು’ ಅನ್ನಬೇಕು. ಆಗ ಚುನಾವಣೆ ಮುಗಿದ ಮೇಲೂ ಸಂಘ ಉಳಿಯುತ್ತೆ.