ಡ್ರೈವರನ ರಾತ್ರಿಗೆ ಗೇಟು ಎಲ್ಲಿದೆ?

(ವೀರನಹೊಸಹಳ್ಳಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಇವತ್ತು ನಾವು ಮಾತಾಡಬೇಕಾಗಿರೋದು ಲಾರಿ ಡ್ರೈವರನ ಸಂಸಾರದ ಬಗ್ಗೆ. ಹಾಸ್ಟೆಲ್ ಹುಡುಗರಿಗೂ ಇದಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಯಾರ ಅಪ್ಪ, ಯಾರ ಅಣ್ಣ, ಯಾರ ಮಾವ ಸ್ಟೇರಿಂಗ್ ಹಿಡಿದಿದ್ದಾರೆ ಅಂತ ಪಕ್ಕದಲ್ಲಿ ಕೂತವರನ್ನೇ ಕೇಳಿ ನೋಡಿ. ಭೂಮಿಯಿಲ್ಲದ ಕೇರಿಯ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದರೆ ಅವನಿಗೆ ಉಳಿಯೋ ದಾರಿಗಳು ನಮಗೆ ಗೊತ್ತು. ಗಾರೆ ಕೆಲಸ, ಕೊಡಗಿನ ಕಾಫಿ ತೋಟ, ಇಲ್ಲವೇ ಕ್ಲೀನರ್ ಆಗಿ ಲಾರಿ ಹತ್ತೋದು. ಆದ್ದರಿಂದ ಇದು ನಮ್ಮ ಮನೆಯ ಮಾತೇ.

ನಾವು ಸೇರಿರುವ ಈ ಊರು ನಾಗರಹೊಳೆ ಕಾಡಿನ ಬಾಗಿಲು. ಸಂಜೆಯಾದರೆ ಕಾಡಿನ ದಾರಿಗೆ ಗೇಟು ಬೀಳುತ್ತದೆ. ಆಚೆ ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಓಡುವಂತಿಲ್ಲ. ರಾತ್ರಿ ಕಾಡುಪ್ರಾಣಿಗಳದ್ದು ಅಂತ ಸರ್ಕಾರ ಒಪ್ಪಿಕೊಂಡಿದೆ. ಒಪ್ಪಿದ್ದು ಸರಿ, ಅದಕ್ಕೆ ನಮ್ಮ ತಕರಾರಿಲ್ಲ. ನಮ್ಮ ಪ್ರಶ್ನೆ ಇಷ್ಟೇ. ಆನೆಯ ರಾತ್ರಿಗೆ ಗೇಟು ಹಾಕಿ ಕಾವಲು ನಿಲ್ಲಿಸಿದ ಸರ್ಕಾರ ಡ್ರೈವರನ ರಾತ್ರಿಗೆ ಎಲ್ಲಿ ಗೇಟು ಹಾಕಿದೆ?

ಕಾನೂನು ಇರಲಿಲ್ಲ ಅಂತಲ್ಲ. 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು ಬಾಬಾಸಾಹೇಬರು. ಕಾರ್ಖಾನೆ ಕಾರ್ಮಿಕನ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಿಂದ. ಆಮೇಲೆ 1961ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು. ಅದರ ಪ್ರಕಾರ ಡ್ರೈವರನಿಗೂ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ದಾರಿಯಾದರೆ ಅನುಮತಿ ಪಡೆದು ದಿನಕ್ಕೆ ಹೆಚ್ಚೆಂದರೆ 10 ಗಂಟೆ. ವಾರಕ್ಕೊಂದು ರಜೆ. ಆದರೆ ಐದು ಮಂದಿಗಿಂತ ಕಡಿಮೆ ಕೆಲಸಗಾರರನ್ನು ಇಟ್ಟುಕೊಂಡ ಮಾಲೀಕನಿಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದು ಲಾರಿ, ಎರಡು ಲಾರಿ ಇಟ್ಟುಕೊಂಡವರೇ ಹೆಚ್ಚಿರುವ ಈ ಕಸುಬಿನಲ್ಲಿ ಕಾಯ್ದೆ ಯಾರನ್ನು ಮುಟ್ಟೀತು? ಈಗ ಅದನ್ನು 2020ರ ಸಂಹಿತೆಯೊಳಗೆ ಸೇರಿಸಿದ್ದಾರೆ. ಹೆಸರು ಬದಲಾಯಿತು. ಕಾರ್ಖಾನೆಗೆ ಸೈರನ್ ಇದೆ, ಶಿಫ್ಟ್ ಮುಗಿದದ್ದು ಊರಿಗೇ ಕೇಳಿಸುತ್ತೆ. ಲಾರಿಗೆ ಸೈರನ್ ಇಲ್ಲ.

ಒಂದು ಲೆಕ್ಕ ಹಾಕೋಣ. ಹುಣಸೂರಿನಿಂದ ಶುಂಠಿ ತುಂಬಿಕೊಂಡು ದಿಲ್ಲಿಗೆ ಹೋಗಬೇಕು. ಎರಡು ಸಾವಿರ ಕಿಲೋಮೀಟರಿಗೂ ಮೇಲೆ. ದಿನಕ್ಕೆ 400 ಕಿಲೋಮೀಟರ್ ಓಡಿಸಿದರೂ ಹೋಗೋಕೆ ಆರು ದಿನ, ಇಳಿಸೋಕೆ ಒಂದು ದಿನ, ವಾಪಸ್ ಲೋಡಿಗೆ ಕಾಯೋದು ಎರಡು ದಿನ, ಬರೋಕೆ ಆರು ದಿನ. ಒಟ್ಟು ಹದಿನೈದು. ಇಂಥ ಎರಡು ಟ್ರಿಪ್ ಹೊಡೆದರೆ ತಿಂಗಳು ಮುಗೀತು. ಇದರಲ್ಲಿ ಮನೆ ಎಲ್ಲಿದೆ, ಹೇಳಿ.

ಕೂಲಿ ಟ್ರಿಪ್ಪಿನ ಲೆಕ್ಕದಲ್ಲಿ ಬಂದರೆ ಕಾಯುವ ದಿನಕ್ಕೆ ಬೆಲೆಯೇ ಇಲ್ಲ. ಗೋಡೌನ್ ಮುಂದೆ ಎರಡು ದಿನ ನಿಂತರೆ ಅದು ಅವನ ಬಾಟಾವನ್ನು ತಿನ್ನುತ್ತೆ, ಅವನ ಮಗುವಿನ ಜೊತೆ ಇರಬೇಕಾದ ಎರಡು ದಿನವನ್ನೂ ತಿನ್ನುತ್ತೆ. 2017ರಲ್ಲಿ ಜಿಎಸ್‌ಟಿ ಬಂದು ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದವು. 2021ರಲ್ಲಿ ಟೋಲಿಗೆ ಫಾಸ್ಟ್ಯಾಗ್ ಕಡ್ಡಾಯವಾಯಿತು. ದಾರಿಯಲ್ಲಿ ಹೊತ್ತು ಉಳಿಯಿತು ಅಂದರು. ಉಳಿದ ಹೊತ್ತು ಯಾರ ಮನೆಗೆ ಹೋಯಿತು? 2025ರ ಅಕ್ಟೋಬರಿನಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಇರಲೇಬೇಕು ಅಂತಾಗಿದೆ. ಒಳ್ಳೆಯದೇ, ಬೆಂದ ಮೈಗೆ ತಂಪು ಬೇಕು. ಆದರೆ ಕ್ಯಾಬಿನ್ ತಂಪಾದ ಮಾತ್ರಕ್ಕೆ ಮನೆ ಹತ್ತಿರವಾಗಲ್ಲ.

ಇನ್ನು ಮನೆಯ ಕಡೆ ನೋಡೋಣ. ಡ್ರೈವರ್ ಸಂಸಾರವನ್ನೂ ಲಾರಿಯನ್ನೂ ಸರಿದೂಗಿಸಿಕೊಂಡು ಹೋಗಬೇಕು ಅಂತ ಬುದ್ಧಿ ಹೇಳುವವರು ಬಹಳ ಜನ. ನಿಜವಾಗಿ ದೂಗಿಸುತ್ತಿರುವವಳು ಅವನ ಹೆಂಡತಿ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವವಳು ಅವಳು. ಅತ್ತೆಯನ್ನು ಆಸ್ಪತ್ರೆಗೆ ಕರಕೊಂಡು ಹೋಗುವವಳು, ಸಂಘದ ವಾರದ ಕಂತು ಕಟ್ಟುವವಳು, ಬೆಳಿಗ್ಗೆ ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಹೋಗುವವಳೂ ಅವಳೇ. ರಾತ್ರಿ ಫೋನಿನಲ್ಲಿ ಅವನು 'ಊಟ ಆಯ್ತು' ಅಂತಾನೆ, ಇವಳು 'ಎಲ್ಲಾ ಚೆನ್ನಾಗಿದೀವಿ' ಅಂತಾಳೆ. ಇಬ್ಬರೂ ಹೇಳೋದು ಪೂರ್ತಿ ನಿಜವಲ್ಲ ಅಂತ ಇಬ್ಬರಿಗೂ ಗೊತ್ತು. ಅವಳ ದುಡಿಮೆಗೆ ಯಾವ ಬಾಟಾನೂ ಇಲ್ಲ. ಹದಿನೈದು ದಿನಕ್ಕೆ ಬಂದ ಗಂಡಸು ಮನೆಯಲ್ಲಿ ಯಜಮಾನಿಕೆ ಮಾಡಿ ಎದ್ದುಹೋದರೆ ಅದನ್ನೂ ನಾವು ಒಪ್ಪೋದಿಲ್ಲ. ಕೇರಿಯ ಗಂಡಸರು ಈ ಮಾತನ್ನು ಕೇಳಿಸಿಕೊಳ್ಳಬೇಕು.

ಸರ್ಕಾರಕ್ಕೆ ಇದೆಲ್ಲ ತಿಳಿಯದ ವಿಷಯವೇನಲ್ಲ. ದಸರಾ ಆನೆಗಳ ಗಜಪಯಣ ಹೊರಡೋದು ಇದೇ ವೀರನಹೊಸಹಳ್ಳಿಯಿಂದ. ಪೂಜೆ, ವಾದ್ಯ, ಮಂತ್ರಿಗಳ ಭಾಷಣ ಮುಗಿದ ಮೇಲೆ ಆನೆಗಳು ಮೈಸೂರಿಗೆ ಹೋಗೋದು ಲಾರಿಯಲ್ಲಿ. ಮಾವುತರು, ಕಾವಾಡಿಗಳ ಹೆಂಡತಿ ಮಕ್ಕಳೂ ಹೋಗಿ ಅರಮನೆ ಆವರಣದ ಶೆಡ್ಡುಗಳಲ್ಲಿ ಇರುತ್ತಾರೆ. ಆ ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ಮಾವುತರ ಬದುಕು ಹಸನಾಗಿದೆ ಅಂತ ನಾವು ಹೇಳುತ್ತಿಲ್ಲ. ಆದರೆ ಊರುಬಿಟ್ಟು ದುಡಿಯುವವನಿಗೆ ಸಂಸಾರವಿದೆ, ಅವನ ಮಗುವಿಗೆ ಪಾಠ ತಪ್ಪಬಾರದು ಅನ್ನೋ ತಿಳುವಳಿಕೆ ಸರ್ಕಾರಕ್ಕೆ ಇದೆ ಅಂತ ಇದರಿಂದ ಗೊತ್ತಾಗುತ್ತದೆ. ಆನೆ ಹೊತ್ತ ಲಾರಿಯ ಡ್ರೈವರನ ಹತ್ತಿರ ಬಂದಾಗ ಆ ತಿಳುವಳಿಕೆ ಯಾಕೆ ನಿಂತುಹೋಗುತ್ತೆ?

ಹಾಗಾದರೆ ನೀವು ಏನು ಮಾಡಬಹುದು? ಓದು ಬಿಟ್ಟು ಬನ್ನಿ ಅಂತ ನಾವು ಕರೆಯುತ್ತಿಲ್ಲ. ಓದಿದ್ದನ್ನು ಮನೆಗೆ ತನ್ನಿ. ಲಾರಿ ಲೈಸೆನ್ಸಿಗೆ 8ನೇ ತರಗತಿ ಪಾಸಾಗಿರಬೇಕು ಅನ್ನೋ ನಿಯಮವನ್ನು 2019ರಲ್ಲಿ ತೆಗೆದರು. ಓದು ಬಾರದವನಿಗೂ ಕೆಲಸ ಸಿಗಲಿ, ಬೇಡ ಅನ್ನಲ್ಲ. ಆದರೆ ಅವನ ಕಾಗದ ಓದುವವರು ಯಾರು? ನೀವೇ. ಖಾಸಗಿ ವಾಣಿಜ್ಯ ವಾಹನಗಳ ಕಾರ್ಮಿಕರಿಗೆ ರಾಜ್ಯ ಕಾರ್ಮಿಕ ಇಲಾಖೆ ಅಪಘಾತ ಪರಿಹಾರ ಯೋಜನೆ ಮಾಡಿದೆ. ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಅಂತಲೇ 2024ರಲ್ಲಿ ರಾಜ್ಯದಲ್ಲಿ ಕಾಯ್ದೆಯಾಗಿದೆ. ಅಪ್ಪನ ಹೆಸರು, ಅಣ್ಣನ ಹೆಸರು ಅಲ್ಲಿ ನೋಂದಣಿಯಾಗಿದೆಯೇ ನೋಡಿ. ಆಗಿಲ್ಲದಿದ್ದರೆ ಮುಂದಿನ ರಜೆಯಲ್ಲಿ ಅರ್ಜಿ ತುಂಬಿಸಿ.

ಎರಡನೆಯದು, ಅವರಿಗೊಂದು ನೋಟ್‌ಬುಕ್ ಕೊಡಿ. ಲಾರಿ ಹೊರಟದ್ದು ಎಷ್ಟು ಗಂಟೆಗೆ, ನಿಂತದ್ದು ಎಷ್ಟು ಗಂಟೆಗೆ, ಲೋಡಿಗೆ ಕಾದದ್ದು ಎಷ್ಟು ದಿನ, ಮನೆಗೆ ಬಂದದ್ದು ಯಾವತ್ತು, ದಿನಾ ಎರಡು ಸಾಲು ಬರೆಯಲಿ. ಬರೆಯೋಕೆ ಬಾರದಿದ್ದರೆ ಫೋನಿನಲ್ಲಿ ಕೇಳಿ ನೀವೇ ಬರೆದಿಡಿ. ಬಾಯಿಮಾತಿನ ಕಷ್ಟವನ್ನು ಮಾಲೀಕ 'ಎಲ್ಲರಿಗೂ ಇದ್ದದ್ದೇ' ಅಂತ ತಳ್ಳಿಹಾಕಬಹುದು. ಗಂಟೆ, ದಿನ, ತಾರೀಖು ಬರೆದ ಪುಸ್ತಕವನ್ನು ಅಷ್ಟು ಸುಲಭವಾಗಿ ತಳ್ಳೋಕಾಗಲ್ಲ. ಹತ್ತು ಡ್ರೈವರುಗಳ ಪುಸ್ತಕ ಸೇರಿದರೆ ಕಾದ ದಿನಕ್ಕೂ ಕೂಲಿ ಕೊಡಿ, ವಾರದ ರಜೆ ಕೊಡಿ ಅಂತ ಕಾರ್ಮಿಕ ಇಲಾಖೆಯ ಮುಂದೆ ಇಡೋದಕ್ಕೆ ಅದೇ ಅರ್ಜಿಯಾಗುತ್ತದೆ.

ಊರಿಗೆ ಹೋದಾಗ ಈ ಕೆಲಸ ಶುರು ಮಾಡಿ. ತುಂಬಿದ ಪುಸ್ತಕಗಳನ್ನು ಮುಂದಿನ ಸಭೆಗೆ ತನ್ನಿ. ಕೂತು ಒಟ್ಟಿಗೆ ಲೆಕ್ಕ ಹಾಕೋಣ.